ಸ್ವಭಾವಚಿತ್ರ: ಒಂದು ಪದ, ಎರಡು ಓದು

ಕಲಾವಿದನೊಬ್ಬ ತನ್ನ ಮುಖವನ್ನೇ ಚಿತ್ರಿಸಿಕೊಂಡ ಕೃತಿಯನ್ನು ‘ಸ್ವಭಾವಚಿತ್ರ’ ಎಂದು ಕರೆದರೆ, ಆ ಪದವನ್ನು ಎರಡು ಬಗೆಯಾಗಿ ಬಿಡಿಸಬಹುದು. ‘ಸ್ವ+ಭಾವಚಿತ್ರ’ ಎಂದರೆ ತನ್ನದೇ ರೂಪದ ಚಿತ್ರ. ‘ಸ್ವಭಾವ+ಚಿತ್ರ’ ಎಂದರೆ ಗುಣದ ಚಿತ್ರ. ಕನ್ನಡದ ಕಲಾವಿಮರ್ಶೆಯೂ ಆತ್ಮಕಥನಗಳ ಅಧ್ಯಯನವೂ ಹಲವು ವೇಳೆ ಮೊದಲನೆಯದನ್ನು ಸರಿಯಾಗಿ ನೋಡುವ ಮುನ್ನವೇ ಎರಡನೆಯದಕ್ಕೆ ಧಾವಿಸುತ್ತವೆ.

ಇಂಪ್ರೆಷನಿಸ್ಟ್ ಪಂಥದ ಎಂಟು ಪ್ರದರ್ಶನಗಳಲ್ಲಿಯೂ (1874–1886) ಪಾಲ್ಗೊಂಡ ಏಕೈಕ ಕಲಾವಿದ ಕಮೀಲ್ ಪಿಸ್ಸಾರೊ. ತಾನು ತೀರಿಕೊಂಡ 1903ರಲ್ಲಿ ಆತ ರಚಿಸಿದ ತೈಲವರ್ಣದ ಸ್ವಭಾವಚಿತ್ರವು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಹ್ಯಾಟು, ಕನ್ನಡಕ, ಬಿಳಿಗಡ್ಡ. ಹಿಂದೆ ಕಿಟಕಿ, ಅದರಾಚೆ ಪ್ಯಾರಿಸ್ಸಿನ ಕಟ್ಟಡಗಳು. ಇದರಲ್ಲಿ ವೃದ್ಧಾಪ್ಯದ ಏಕಾಂತವನ್ನು ಕಾಣುವುದು ಸುಲಭ. ಆದರೆ ದೀರ್ಘಕಾಲದ ಕಣ್ಣಿನ ಬೇನೆಯಿಂದಾಗಿ ಬಯಲಿನಲ್ಲಿ ಕುಳಿತು ಚಿತ್ರಿಸುವುದು ಕಷ್ಟವಾಗಿ, ಪಿಸ್ಸಾರೊ ಕಿಟಕಿಗಳ ಬಳಿ ಕೆಲಸ ಮಾಡತೊಡಗಿದ್ದನು. ಆ ಕಿಟಕಿಯು ಸಂಕೇತವಾಗುವ ಮೊದಲು ಕಸುಬಿನ ಸ್ಥಿತಿ, ಬೆಳಕಿನ ಮೂಲ. ಇಷ್ಟನ್ನು ಒಪ್ಪಿದ ಬಳಿಕವೇ ಗುಣದ ಮಾತಿಗೆ ಅರ್ಹತೆ ಬರುತ್ತದೆ.

ಬೆಂಗಳೂರಿನ ಹೂಮರಗಳನ್ನು ಚಿತ್ರಿಸಿದ ರುಮಾಲೆ ಚನ್ನಬಸವಯ್ಯನವರ (1910–1988) ವಿಷಯದಲ್ಲಿಯೂ ಈ ಎಚ್ಚರ ಅಗತ್ಯ. ಅವರು ಸ್ವಾತಂತ್ರ್ಯ ಹೋರಾಟಗಾರರಾಗಿದ್ದರೆಂಬ ಸಂಗತಿಯಿಂದ ಓದನ್ನು ಆರಂಭಿಸಿದರೆ ಬಣ್ಣವು ಚರಿತ್ರೆಯ ಅಡಿಟಿಪ್ಪಣಿಯಾಗಿಬಿಡುತ್ತದೆ.

ಸ್ಥಳನಾಮಗಳ ಅಧ್ಯಯನಕ್ಕೂ ಈ ಮಾತು ಸಲ್ಲುತ್ತದೆ. ದಕ್ಷಿಣ ಬೆಂಗಳೂರಿನ ಹೊಸಕೆರೆಹಳ್ಳಿಯು ತನ್ನ ಹೆಸರಿನಲ್ಲಿ ತನ್ನದೇ ಚಿತ್ರವನ್ನು ಬರೆದುಕೊಂಡಿದೆ: ಹೊಸ, ಕೆರೆ, ಹಳ್ಳಿ. ಇಂದು ಅದು ಹಳ್ಳಿಯಲ್ಲ, ಕೆರೆ ಹೊಸದಲ್ಲ. ಆದರೂ ಹೆಸರು ಸುಳ್ಳಲ್ಲ. ಕೆರೆ ಹೊಸದಾಗಿದ್ದ ಒಂದು ಗಳಿಗೆಯ ದಾಖಲೆ ಅದು. ಅದನ್ನು ಊರಿನ ಶಾಶ್ವತ ಗುಣವೆಂದು ಕೊಂಡಾಡುವುದೂ ಅರ್ಥ ಕಳೆದ ಹೆಸರೆಂದು ತಳ್ಳಿಹಾಕುವುದೂ ಒಂದೇ ತಪ್ಪಿನ ಎರಡು ಮುಖಗಳು.

ಶಿವರಾಮ ಕಾರಂತರು ತಮ್ಮ ಆತ್ಮಕಥನಕ್ಕೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟರು. ಮನಸ್ಸು ಒಂದು, ಮುಖಗಳು ಹಲವು ಎಂಬ ತಿಳಿವು ಆ ಶೀರ್ಷಿಕೆಯಲ್ಲಿಯೇ ಇದೆ. ಆತ್ಮಕಥನವನ್ನು ವ್ಯಕ್ತಿಯ ಕುರಿತ ಮಾಹಿತಿಯ ಕಣಜವೆಂದು ಬಗೆಯುವ ಸಂಶೋಧನೆಯು ಒಂದು ಮುಖವನ್ನೇ ಮನಸ್ಸೆಂದು ತಿಳಿಯುವ ಅಪಾಯದಲ್ಲಿದೆ. ಆದುದರಿಂದ ‘ಸ್ವಭಾವಚಿತ್ರ’ ಎಂಬ ಪದದ ಸಂದಿಗ್ಧತೆಯನ್ನು ದೋಷವೆಂದು ಕೈಬಿಡಬೇಕಾಗಿಲ್ಲ. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಅನಂತರ ಊಹಿಸಬೇಕು ಎಂಬ ಕ್ರಮವನ್ನು ತರಗತಿಯಲ್ಲಿ ಕಲಿಸಲು ಆ ಪದವೊಂದೇ ಸಾಕು.