ಒಡಹುಟ್ಟು: ಪರರ ಮನವರಿಯುವ ಮೊದಲ ಪಾಠ



ತನ್ನ ಮನದಲ್ಲಿರುವುದು ಪರರ ಮನದಲ್ಲಿ ಇರಲಾರದೆಂಬ ಅರಿವು ಮಗುವಿಗೆ ಸುಮಾರು ನಾಲ್ಕನೆಯ ವಯಸ್ಸಿನಲ್ಲಿ ಬಲಿಯುತ್ತದೆ. ಒಡಹುಟ್ಟಿದವರಿರುವ ಮಕ್ಕಳಲ್ಲಿ ಇದು ಬೇಗ ಮೂಡುತ್ತದೆಂದು ಪರ್ನರ್, ರಫ್‌ಮನ್, ಲೀಕಮ್ ಎಂಬ ವಿದ್ವಾಂಸರು 1994ರಲ್ಲಿ ಪ್ರಕಟಿಸಿದರು. ಮುಂದಿನ ಅಧ್ಯಯನಗಳೆಲ್ಲವೂ ಇದನ್ನು ಒಪ್ಪಿಲ್ಲವಾದರೂ, ಆಟ, ಜಗಳ, ರಾಜಿಗಳಲ್ಲಿ ಮಗು ಮತ್ತೊಂದು ಮನಸ್ಸನ್ನು ಎದುರುಗೊಳ್ಳುವುದಂತೂ ದಿಟ.

ಉಪನಯನವು ತನಗುಂಟು, ಅಕ್ಕ ನಾಗಮ್ಮನಿಗೆ ಏಕಿಲ್ಲವೆಂದು ಬಾಲಕ ಬಸವಣ್ಣನವರು ಕೇಳಿದರೆಂಬುದು ಐತಿಹ್ಯ. ಸಮತೆಯ ಬೀಜವು ಮೊಳೆತದ್ದು ಅಕ್ಕನ ಮನವನ್ನು ತಮ್ಮನು ಅರಿತಲ್ಲಿಯೇ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಪ್ರತಿ ಮಹಿಳೆಗೆ ಸರಾಸರಿ 1.7 ಮಕ್ಕಳು. ಹಾಗಾದರೆ ಒಂದೇ ಕೂಸಿರುವ ಮನೆಯಲ್ಲಿ ಈ ಪಾಠವನ್ನು ಕಲಿಸುವವರಾರು?

ಹರದನಹಳ್ಳಿಯ ಗೋಸಲ ಸಿದ್ಧೇಶ್ವರರಿಂದ ಸ್ಥಾಪಿತವಾದುದೆಂದು ಪರಂಪರೆಯು ಹೇಳುವ ಸಿದ್ಧಗಂಗಾ ಮಠದಲ್ಲಿ ಉತ್ತರವಿದೆ. ಅಲ್ಲಿ ಜಾತಿಭೇದವಿಲ್ಲದೆ ಸಾವಿರಾರು ಮಕ್ಕಳು ಒಟ್ಟಿಗೆ ಕುಳಿತು ಪ್ರಸಾದ ಸ್ವೀಕರಿಸುತ್ತಾರೆ. ಪಕ್ಕದವನ ಹಸಿವನ್ನು ಕಂಡು ತನ್ನ ಸರದಿಗೆ ಕಾಯುವಲ್ಲಿ ಒಡಹುಟ್ಟದವರೂ ಅಣ್ಣತಮ್ಮಂದಿರಾಗುತ್ತಾರೆ.

ಆದುದರಿಂದ ಒಂಟಿ ಮಗುವನ್ನು ಹೊಸಿಲೊಳಗೇ ಇರಿಸದಿರೋಣ. ಕೇರಿಯ ಮಕ್ಕಳೊಡನೆ ಆಡಲಿ, ಮುನಿಯಲಿ, ಮತ್ತೆ ಕೂಡಲಿ. ಪರರ ನೋವನ್ನು ಅರಿಯದವರಿಗೆ ದಾಸೋಹದ ಅರ್ಥವು ದಕ್ಕದು.