ಸ್ಪೀಡಿನ ಗಾಡಿಗೆ ನನ್ನ ಪಾಟ್ಲಿ ಕೊಡಾಂಗಿಲ್ಲ

ಹೋದ ಸಲ ಶೇಂಗಾ ಹೋಳಿಗಿ ಬಗ್ಗೆ ಬರದಿದ್ದೆ. ಈ ಸಲ ಅಡಗಿ ಮನಿ ಬಿಟ್ಟು ಅಂಗಳಕ್ಕ ಬಂದೀನಿ. ಕಾರಿನ ಸುದ್ದಿ. "ಕಾರು ಗಂಡಸರ ಸುದ್ದಿ, ನಮಗ್ಯಾಕಬೇ" ಅಂತ ಇಲ್ಲೇ ನಿಂದ್ರಬ್ಯಾಡ್ರಿ. ಆ ಮಾತಿಗೇ ನನ್ನ ಜಗಳ ಐತಿ.

ಸಂಕ್ರಾಂತಿಗೆ ಮಗ ಹುಬ್ಬಳ್ಳಿಯಿಂದ ಬಂದಿದ್ದ. ರೊಟ್ಟಿ ಊಟ ಆದಮ್ಯಾಲೆ ಪಡಸಾಲಿಯೊಳಗ ಅಪ್ಪ, ಮಗ, ಮೈದುನ ಮೂರೂ ಮಂದಿ ಮೊಬೈಲ್ ನಡುವ ಇಟ್ಟಕೊಂಡು ಕುಂತ್ರು. ಒಂದ ಕಡೆ ಪೆಟ್ರೋಲಿನ ಸ್ಪೋರ್ಟ್ಸ್ ಸೆಡಾನ್, ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ. ಇನ್ನೊಂದ ಕಡೆ ಕರೆಂಟಿನ ಸೆಡಾನ್, ಟಾಟಾ ಟಿಗೋರ್ ಇವಿ. ಮಗನ ಮನಸು ಮೊದಲನೇದ್ರ ಮ್ಯಾಲೆ. "150 ಕುದುರಿ ಶಕ್ತಿ ಯವ್ವಾ! ಅದು 75ರ ಗಾಡಿ. ಸೊನ್ನೆಯಿಂದ ನೂರಕ್ಕ ಒಂಬತ್ತ ಸೆಕೆಂಡಿನ ಆಸುಪಾಸು ಹೋಗತೈತಿ." ಮೈದುನ ಹೂಂಗುಟ್ಟಿದ. ಇವ್ರು ತಲಿ ಆಡಿಸಿದ್ರು. ಒಂದ ತಾಸು ಬರೇ ಸೆಕೆಂಡಿನ ಲೆಕ್ಕ. ಆಮ್ಯಾಲೆ ನನ್ನ ಕಡೆ ತಿರುಗಿ, "ಮುಂಗಡಕ್ಕ ರೊಕ್ಕ ಕಡಿಮಿ ಬೀಳತೈತಿ, ನಿನ್ನ ಪಾಟ್ಲಿ ಒಂದೆರಡ ವರ್ಷ ಬ್ಯಾಂಕಿನ್ಯಾಗ ಇಡೂಣೇನ?" ಅಂದ್ರು.

ನೋಡ್ರಿ, ತಾಸುಗಟ್ಲೆ ಮಾತಾಡುವಾಗ ನಾ ಯಾರಿಗೂ ನೆನಪಾಗ್ಲಿಲ್ಲ. ರೊಕ್ಕ ಕಡಿಮಿ ಬಿದ್ದಾಗ ನೆನಪಾದೆ.

ನಾ ಒಂದ ಮಾತ ಕೇಳಿದೆ: "ಆ ಗಾಡಿ ಬಂದ್ರ ನನಗ ನಡಸಾಕ ಕೊಡ್ತೀಯೇನಪ್ಪಾ?" ಮಗ ನಕ್ಕ. ಕೆಟ್ಟ ಮನಸಿನಿಂದ ನಗಲಿಲ್ಲ ಖರೆ, ಆದ್ರ ನಕ್ಕ. "ಯವ್ವಾ, ಅದು ಭಾರೀ ಪವರಿನ ಗಾಡಿ. ನಿನ್ನ ಕೈಯಾಗ ಕೊಡೂವಂಥಾದ್ದಲ್ಲ."

ಆ ನಗಿ ಸಲುವಾಗಿ ಇಷ್ಟ ಬರ್ಯಾಕ ಕುಂತೀನಿ.

ನಮ್ಮ ಅತ್ತ್ಯಾರ ಸುದ್ದಿ ನಿಮಗ ಗೊತ್ತೈತಿ. ಹೋದ ಶ್ರಾವಣದಾಗ ರಾತ್ರಿ ಎರಡಕ್ಕ ಎದ್ದು ನೀರ ಕೇಳಿದ್ರು. ತಂಬಗಿ ಕೊಟ್ರ ಎಡಗೈಯಿಂದ ಜಾರಿ ಬಿತ್ತು. ಮಾರಿ ನೋಡಿದ್ರ ಬಾಯಿ ಒಂದ ಕಡೆ ವಾರಿ ಆಗಿತ್ತು. ಇವ್ರು ಸೀರಿ ಗಂಟು ತಗೊಂಡು ಸೊಲ್ಲಾಪುರಕ್ಕ ಹೋಗಿದ್ರು. ಮಗ ಹುಬ್ಬಳ್ಳ್ಯಾಗ. ಅಂಗಳದಾಗ ನಮ್ಮ ಹಳೇ ಕಾರು ನಿಂತಿತ್ತು, ಕೀಲಿ ಕೈ ಗ್ವಾಡಿ ಮಳಿಗೆ ಜೋತಬಿದ್ದಿತ್ತು, ಪೆಟ್ರೋಲೂ ಇತ್ತು. ನಡಸಾವ್ರು ಮಾತ್ರ ಇರ್ಲಿಲ್ಲ. ಹಿಂದಿನ ಓಣಿ ಹುಡುಗನ ಎಬ್ಬಿಸಿ ಕರಕೊಂಡ ಬರೂ ಹೊತ್ತಿಗೆ ಮುಕ್ಕಾಲ ತಾಸು ಆತು. ಇಲ್ಲಿ ತೋರ್ಸಿ, ಅಲ್ಲಿಂದ ಬಾಗಲಕೋಟಿಗೆ ಹೋಗಿ ಮುಟ್ಟೂದ್ರಾಗ ಬೆಳಕ ಹರಿದಿತ್ತು. ಪಾರ್ಶ್ವವಾಯುಕ್ಕ ರಕ್ತದ ಗಡ್ಡಿ ಕರಗಸೂ ಇಂಜೆಕ್ಷನ್ನಿಗೆ ನಾಕೂವರಿ ತಾಸಿನ ಗಡುವು ಇರತೈತಿ, ಅದ್ರೊಳಗೂ ಎಷ್ಟ ಲಗೂ ಬಂದ್ರ ಅಷ್ಟ ಚಲೋ ಅಂತ ಡಾಕ್ಟರ ಹೇಳಿದ್ರು. ಅತ್ತ್ಯಾರು ಉಳದ್ರು. ಆದ್ರ ನಲವತ್ತ ವರ್ಷ ಕಂಡಿಕಿ ಸುತ್ತಿದ ಆ ಎಡಗೈ ಈಗ ಮಡಿಲಾಗ ಸುಮ್ಮನ ಬಿದ್ದಿರತೈತಿ.

ಆ ರಾತ್ರಿ ಆ ಗಾಡಿಗೆ ಎಷ್ಟ ಕುದುರಿ ಶಕ್ತಿ ಇತ್ತು ಅಂತ ಕೇಳ್ತೀರೇನು? ನನ್ನ ಪಾಲಿಗೆ ಒಂದ ಕತ್ತಿಯಷ್ಟೂ ಇರ್ಲಿಲ್ಲ.

ಆಮ್ಯಾಲೆ ನಾ ಲೈಸೆನ್ಸಿಗೆ ಅರ್ಜಿ ಹಾಕಿದೆ. ಬಾಗಲಕೋಟಿ ನವನಗರದಾಗ ನನ್ನ ತಂಗಿ ಮಗಳ ಹಂತ್ಯಾಕ ಕರೆಂಟಿನ ಗಾಡಿ ಐತಿ. ಅದ್ರಾಗ ರೂಢಿ ಮಾಡಿಕೊಂಡೆ. ಕ್ಲಚ್ ಇಲ್ಲ, ಗೇರ್ ಬದ್ಲಿ ಮಾಡೂದಿಲ್ಲ, ದಿಬ್ಬದ ಮ್ಯಾಲೆ ಗಕ್ಕನ ನಿಂದ್ರೂದಿಲ್ಲ. ಒಂದ ತುಳಿಯೂದು ಹೋಗಾಕ, ಒಂದ ತುಳಿಯೂದು ನಿಂದ್ರಾಕ. ಹೊಲಿಗಿ ಮಷೀನ್ ತುಳಿದ ಕಾಲಿಗೆ ಅದೇನ ದೊಡ್ಡ ಕೆಲಸ?

ಇಲ್ಲಿ ನಾ ಖರೆ ಹೇಳಬೇಕು. ಕ್ಲಚ್ ಇಲ್ಲದ ಗಾಡಿ ಪೆಟ್ರೋಲಿನ್ಯಾಗೂ ಅದಾವು. ಮಗ ನೋಡಿದ ವರ್ಟಸ್ ಜಿಟಿನೂ ಆಟೋಮ್ಯಾಟಿಕ್ ಸಿಗತೈತಿ. ಇನ್ನೂ ಖರೆ ಹೇಳಬೇಕಂದ್ರ, ಕೆಲವು ಕಡೆ ಅದ ಮ್ಯಾಲೂ ಐತಿ. 2023ರಾಗ ಗ್ಲೋಬಲ್ ಎನ್‌ಕ್ಯಾಪ್ ಅನ್ನಾವ್ರು ಢಿಕ್ಕಿ ಹೊಡಿಸಿ ನೋಡಿದಾಗ ವರ್ಟಸ್‌ಗೆ ಐದು ಸ್ಟಾರ್ ಸಿಕ್ಕಾವು. ಟಿಗೋರ್ ಇವಿಗೆ 2021ರಾಗ ನಾಕು. ಅದ್ರಾಗ ಆರು ಏರ್‌ಬ್ಯಾಗ್, ಇದ್ರಾಗ ಎರಡು. ಡಿಕ್ಕಿ ಅದ್ರದು 521 ಲೀಟರ್, ಇದ್ರದು ಬ್ಯಾಟರಿ ಜಾಗಾ ತಿಂದದ್ದಕ್ಕ ಬರೇ 316. ಸೀರಿ ಗಂಟು ಹೊರೂ ಮನಿಗೆ ಇದು ಸಣ್ಣ ಮಾತಲ್ಲ. ಪಡಸಾಲ್ಯಾಗ ಕುಂತಾವ್ರು ಈ ಏರ್‌ಬ್ಯಾಗಿನ ಮಾತ ಎತ್ತಿದ್ರ ನಾ ಬಾಯಿ ಮುಚ್ಚಿಕೊಂಡ ಕೇಳತಿದ್ದೆ. ಅವ್ರು ಎತ್ತಿದ್ದು ಸೆಕೆಂಡು.

ಆ ಸೆಕೆಂಡ ಎಲ್ಲಿ ಖರ್ಚ ಮಾಡ್ತೀರಪ್ಪಾ? ನಾಕ ಲೇನಿನ ಹೆದ್ದಾರ್ಯಾಗ ಕಾರಿಗೆ 2018ರಿಂದ ಗಂಟೆಗೆ 100ರ ಮಿತಿ ಐತಿ. ಊರ ರಸ್ತೇಕ್ಕ ಅದಕ್ಕಿಂತ ಕಡಿಮಿ. ನಮ್ಮ ಹೆದ್ದಾರಿ ಬಿಟ್ಟು ಬಾದಾಮಿ ಕಡೆ ತಿರುಗಿದ್ರ ಸುಗ್ಗ್ಯಾಗ ಕಬ್ಬಿನ ಟ್ರ್ಯಾಕ್ಟರ್, ಒಂದಕ್ಕ ಎರಡೆರಡ ಟ್ರೇಲರ್, ಹಿಂದ ದೀಪಿಲ್ಲ. ಬನಶಂಕರಿ ಜಾತ್ರ್ಯಾಗ ಚೊಳಚಗುಡ್ಡದ ಹತ್ರ ಎತ್ತಿನ ಬಂಡಿ, ನಡಕೊಂತ ಬರೂ ಮಂದಿ, ಹೆಗಲ ಮ್ಯಾಲೆ ಕೂಸು. ಇಲ್ಲಿ ಒಂಬತ್ತ ಸೆಕೆಂಡಿನ್ಯಾಗ ನೂರಕ್ಕ ಹೋಗೂ ಗಾಡಿ ಯಾರ ಹರಕಿ ತೀರಸಾಕ?

ಇನ್ನ ಮನಿ ಲೆಕ್ಕಕ್ಕ ಬರೂಣು. ಕಾಯಿಪಲ್ಯೆ ಸಂತ್ಯಾಗ ಎರಡ ರೂಪಾಯಿಗೆ ಚೌಕಾಶಿ ಮಾಡೂ ನಾವು ಈ ಲೆಕ್ಕ ಯಾಕ ಬಿಡಬೇಕು?

ತಿಂಗಳಿಗೆ 1,000 ಕಿಲೋಮೀಟರ್ ಓಡಾಟ ಅಂತ ಹಿಡೀರಿ. ಜೋರಿನ ಪೆಟ್ರೋಲ್ ಗಾಡಿ ಲೀಟರಿಗೆ 12 ಕೊಟ್ಟಿತು, ಪೆಟ್ರೋಲ್ 103 ರೂಪಾಯಿ ಅಂದ್ರ ತಿಂಗಳಿಗೆ 8,580 ರೂಪಾಯಿ. ಕರೆಂಟಿನ ಗಾಡಿ ನೂರ ಕಿಲೋಮೀಟರಿಗೆ, ಚಾರ್ಜ್ ಮಾಡುವಾಗ ಪೋಲಾಗೂದೂ ಸೇರಿ, 15 ಯುನಿಟ್ ತಿಂತೈತಿ ಅನ್ರಿ. ತಿಂಗಳಿಗೆ 150 ಯುನಿಟ್. ಯುನಿಟ್ಟಿಗೆ ಎಲ್ಲಾ ಕೂಡಿ 7 ರೂಪಾಯಿ ಹಿಡಿದ್ರ 1,050.

ಇಲ್ಲೇ ಒಂದ ಮೋಸದ ತಗ್ಗು ಐತಿ, ಶೋರೂಮಿನಾವ್ರು ಅದನ್ನ ಹೇಳೂದಿಲ್ಲ. ನಮಗೆಲ್ಲಾ 2023ರಿಂದ ಗೃಹಜ್ಯೋತಿ ಐತೆಲಾ? ಅದ್ರ ಮಿತಿ 200 ಯುನಿಟ್. ನಿಮ್ಮ ಮನಿದು ತಿಂಗಳಿಗೆ 90 ಯುನಿಟ್ ಇದ್ರ ಈಗ ಬಿಲ್ಲು ಸೊನ್ನೆ. ಅದಕ್ಕ ಗಾಡಿದು 150 ಕೂಡಿದ್ರ 240 ಆತು. 200 ದಾಟಿದ್ರ ದಾಟಿದಷ್ಟಕ್ಕ ಮಾತ್ರ ಅಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು. ಅಂದ್ರ ಗಾಡಿ ಖರ್ಚು 1,050 ಅಲ್ಲ, 1,680. ಗಾಡಿಗೆ ಬ್ಯಾರೆ ಮೀಟರ್ ತಗೋಬಹುದು, ಅದಕ್ಕ ದರಾನೂ ಬ್ಯಾರೆ ಐತಿ. ಹೆಸ್ಕಾಂ ಆಫೀಸಿಗೆ ಹೋಗಿ ಮೊದಲ ಕೇಳ್ರಿ, ಆಮ್ಯಾಲೆ ಗಾಡಿ ಬುಕ್ ಮಾಡ್ರಿ. ಇಷ್ಟೆಲ್ಲಾ ಹಿಡಿದ್ರೂ ತಿಂಗಳಿಗೆ 6,900 ರೂಪಾಯಿ ಉಳೀತೈತಿ. ವರ್ಷಕ್ಕ 82,800.

ಖರೀದಿಯೊಳಗ ನೋಡ್ರಿ. ಸ್ಪೋರ್ಟ್ಸ್ ಗಾಡಿ 18 ಲಕ್ಷ ಅಂದ್ರ ನಮ್ಮ ರಾಜ್ಯದಾಗ 10ರಿಂದ 20 ಲಕ್ಷದ ಒಳಗಿನ ಪೆಟ್ರೋಲ್ ಕಾರಿಗೆ ನೂರಕ್ಕ 17ರಂಗ ಜೀವಾವಧಿ ತೆರಿಗಿ, ಅಂದ್ರ 3 ಲಕ್ಷ 6 ಸಾವಿರ. ಕರೆಂಟಿನ ಗಾಡಿಗೆ 2016ರಿಂದ ಆ ತೆರಿಗಿ ಇರ್ಲಿಲ್ಲ. 2024ರಾಗ 25 ಲಕ್ಷ ದಾಟಿದ್ದಕ್ಕ ಮಾತ್ರ ನೂರಕ್ಕ ಹತ್ತು ಹಾಕಿದ್ರು. ನಮ್ಮಂಥಾವ್ರ 13 ಲಕ್ಷದ ಗಾಡಿಗೆ ಅದು ಹತ್ತಲಿಲ್ಲ. ತೆರಿಗಿ ಕೂಡಿ ಎರಡಕ್ಕೂ ಎಂಟ ಲಕ್ಷದ ಫರಕು. ಅದ್ರ ಪೈಕಿ ಮೂರು ಲಕ್ಷ ಬರೇ ತೆರಿಗಿ. ಅದಕ್ಕ ನನ್ನ ಪಾಟ್ಲಿ ಬ್ಯಾಂಕಿಗೆ ಹೋಗಬೇಕೇನು?

ಹಂಗಂತ ಕರೆಂಟಿನ ಗಾಡಿ ಅಂದ್ರ ಕಣ್ಣ ಮುಚ್ಚಿ ತಗೋರಿ ಅಂತ ನಾ ಅನ್ನೂದಿಲ್ಲ. ಸಾದಾ ಪೆಟ್ರೋಲ್ ಟಿಗೋರಿಗಿಂತ ಇದು ನಾಕೈದ ಲಕ್ಷ ತುಟ್ಟಿ. ಸಾದಾದ್ದು ಲೀಟರಿಗೆ 18 ಕೊಟ್ರ, ಕರೆಂಟಿನಿಂದ ವರ್ಷಕ್ಕ ಉಳಿಯೂದು 48,500 ಅಷ್ಟ. ಆ ಫರಕು ಮುಟ್ಟಾಕ ಒಂಬತ್ತ ವರ್ಷ ಬೇಕು. ಬ್ಯಾಟರಿ ಗ್ಯಾರಂಟಿ ಎಂಟ ವರ್ಷ ಇಲ್ಲಾ 1 ಲಕ್ಷ 60 ಸಾವಿರ ಕಿಲೋಮೀಟರ್. ತಿಂಗಳಿಗೆ ಮುನ್ನೂರ ಕಿಲೋಮೀಟರ್ ಓಡಸಾವ್ರಿಗೆ ಇವೆರಡೂ ಬ್ಯಾಡ, ಸಾದಾ ಗಾಡಿ ಸಾಕು. ಕಂಪನಿಯಾವ್ರು ಒಂದ ಚಾರ್ಜಿಗೆ 315 ಕಿಲೋಮೀಟರ್ ಅಂತ ಹೇಳ್ತಾರ, ನೀವು 200 ಅಂತ ತಿಳೀರಿ. ಬಾದಾಮಿಗೆ, ಕೂಡಲಸಂಗಮಕ್ಕ ಹೋಗಿ ಬರಬಹುದು. ಹುಬ್ಬಳ್ಳಿಗೆ ಹೋಗಿ ಅದ ಚಾರ್ಜಿನ್ಯಾಗ ತಿರುಗಿ ಬರಾಕಾಗೂದಿಲ್ಲ. ಬೆಂಗಳೂರು 400 ಕಿಲೋಮೀಟರ್ ಮ್ಯಾಲೆ, ಹಾದ್ಯಾಗ ನಿಂತು ನಿಂತು ಹೋಗಬೇಕು. ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಾವ್ರಿಗೆ ನಾ ಇದನ್ನ ಹೇಳಾಂಗಿಲ್ಲ.

ಹೊಗಿ ವಿಚಾರದಾಗೂ ಅತಿ ಮಾತು ಬ್ಯಾಡ. ನಮಗ ಬರೂ ಕರೆಂಟು ಗಾಳ್ಯಾಗ ಹುಟ್ಟೂದಿಲ್ಲ. ಗದಗಿನ ಕಪ್ಪತಗುಡ್ಡದ ಕಡೆ ಗಾಳ್ಯಾಗೂ ಹುಟ್ಟತೈತಿ ಖರೆ, ಆಲಮಟ್ಟಿಯ 290 ಮೆಗಾವ್ಯಾಟ್ ನೀರಿಂದೂ ಐತಿ. ಆದ್ರ ಕೂಡಗಿಯಾಗ 2,400 ಮೆಗಾವ್ಯಾಟಿನ ಕಲ್ಲಿದ್ದಲ ಸ್ಥಾವರಾನೂ ಐತಿ. ಆ ಸೀಮಿ ಹೆಣ್ಣಮಕ್ಕಳು ಒಣಗ ಹಾಕಿದ ಅರಿವಿ ಮ್ಯಾಲೆ ಬೂದಿ ಬಿದ್ರ ನಾವು "ನಮ್ಮ ಗಾಡಿ ಹೊಗಿ ಇಲ್ಲ" ಅಂತ ಬೀಗೂದು ಸರಿ ಅಲ್ಲ. ಫರಕ ಇಷ್ಟ: ಪೆಟ್ರೋಲ್ ಎಂಜಿನ್ನು ಸುಟ್ಟ ಎಣ್ಣಿಯೊಳಗ ಅರ್ಧಕ್ಕಿಂತ ಹೆಚ್ಚು ಬರೇ ಕಾವಾಗಿ ಹೊರಗ ಬಿಡತೈತಿ. ಕರೆಂಟಿನ ಮೋಟಾರ್ ತಗೊಂಡಿದ್ರಾಗ ಬಹುಪಾಲು ಗಾಲಿಗೆ ಮುಟ್ಟಿಸತೈತಿ.

"ಹೆಂಗಸರಿಗೆ ಗಾಡಿ ಏನ ತಿಳೀತೈತಿ" ಅನ್ನಾವ್ರಿಗೆ ಎರಡ ಹಳೇ ಸುದ್ದಿ ಹೇಳ್ರಿ. 1888ರ ಆಗಸ್ಟಿನ್ಯಾಗ ಜರ್ಮನಿಯ ಬರ್ಥಾ ಬೆಂಜ್ ಅನ್ನಾಕಿ, ಗಂಡ ಕಾರ್ಲ್ ಬೆಂಜ್ ಮಾಡಿದ ಪೆಟ್ರೋಲ್ ಗಾಡಿ ತಗೊಂಡು, ಅವಂಗ ಹೇಳ್ದನ, ಎರಡ ಗಂಡಮಕ್ಕಳ ಕುಂದ್ರಿಸಿಕೊಂಡು ಮ್ಯಾನ್‌ಹೈಮಿಂದ ಫೋರ್ಟ್ಸ್‌ಹೈಮಿನ ತವರಮನಿಗೆ ನೂರ ಕಿಲೋಮೀಟರ್ ಮ್ಯಾಲೆ ಹೋದಳು. ಎಣ್ಣಿ ನಳಗಿ ಕಟ್ಟಿದಾಗ ಟೊಪಗಿ ಪಿನ್ನಿಲೆ ಬಿಡಿಸಿದಳು. ಎಣ್ಣಿ ತೀರಿದಾಗ ಔಷಧಿ ಅಂಗಡ್ಯಾಗ ಕೊಂಡಳು. ಕಾರು ದೂರ ಹೋಗತೈತಿ ಅಂತ ಜಗತ್ತಿಗೆ ತೋರಿಸಿದಾಕಿ ಒಬ್ಬ ಹೆಣಮಗಳು, ಅದೂ ತವರಮನಿಗೆ ಹೊಂಟಾಕಿ! ಇನ್ನೊಂದು: ಅಮೆರಿಕಾದಾಗ ಪೆಟ್ರೋಲ್ ಕಾರು ಲಕ್ಷಗಟ್ಲೆ ಮಾಡಿ ಮಾರಿದ ಹೆನ್ರಿ ಫೋರ್ಡ್ ತನ್ನ ಹೆಂಡತಿ ಕ್ಲಾರಾಗ ಕೊಡಿಸಿದ್ದು ಡೆಟ್ರಾಯ್ಟ್ ಎಲೆಕ್ಟ್ರಿಕ್ ಅನ್ನೂ ಕರೆಂಟಿನ ಗಾಡಿ. ಆಕಿದು 1914ರ ಗಾಡಿ. ನಮ್ಮ ಬೆಂಗಳೂರಿನ್ಯಾಗೂ 2001ರಾಗನ ರೇವಾ ಅನ್ನೂ ಪುಟ್ಟ ಕರೆಂಟಿನ ಕಾರು ಬಂದಿತ್ತು, ಇದೇನ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ.

ಬರ್ಥಾ ನಡಸಿದ್ದು ಪೆಟ್ರೋಲಿಂದು, ಕ್ಲಾರಾ ನಡಸಿದ್ದು ಕರೆಂಟಿಂದು. ಎರಡೂ ಗಾಡಿ ಹೆಂಗಸಿನ ಕೈಯಾಗ ಓಡಿದಾವು. ಅದಕ್ಕ ನನ್ನ ಜಗಳ ಪೆಟ್ರೋಲ್ ಜೋಡಿ ಅಲ್ಲ. ಮನ್ಯಾಗ ಐದ ಮಂದಿ ಇದ್ದು, ಒಬ್ಬನ ಕೈಗಷ್ಟ ಹೊಂದೂ ಗಾಡಿಗೆ ಐದೂ ಮಂದಿ ಸಾಲ ತೀರಸೂದ್ರ ಜೋಡಿ ನನ್ನ ಜಗಳ.

ನಾವು ಸೀರಿ ಮಂದಿ. ಬರೇ ಸೆರಗಿನ ತೋಪತೆನಿ ನೋಡಿ ಯಾರೂ ಸೀರಿ ತಗೊಳ್ಳೂದಿಲ್ಲ. ಸೆರಗು, ಒಡಲು ಕೂಡೂ ಕೊಂಡಿ ಗಟ್ಟಿ ಐತೇನಂತ ಬೆರಳ ಹಾಕಿ ಜಗ್ಗಿ ನೋಡ್ತೀವಿ. ಗಾಡಿಗೂ ಹಂಗ ಜಗ್ಗಿ ನೋಡ್ರಿ: ರಾತ್ರಿ ಎರಡಕ್ಕ ಇದನ್ನ ಯಾರ್ ನಡಸ್ತಾರ? ಕಾಲಿನ ಶಕ್ತಿ ಇಲ್ಲದ ಅತ್ತಿ ಒಳಗ ಹತ್ತಿ ಕುಂದ್ರತಾರೇನು? ತಿಂಗಳ ಖರ್ಚು ಯಾರ ಕೈಯಿಂದ ಹೋಗತೈತಿ? ಎರಡನೇ ಕೀಲಿ ಯಾರ ಹಂತ್ಯಾಕ ಇರತೈತಿ?

ಮಗಗ ಫೋನಿನ್ಯಾಗ ಇಷ್ಟ ಹೇಳೀನಿ: "ನಿನ್ನ ದುಡ್ಡಿನ್ಯಾಗ ನಿನ್ನ ಆಸೆ ತೀರಿಸಿಕೋ, ನಾ ಆರತಿ ಎತ್ತಿ ಒಳಗ ಕರಕೋತೀನಿ. ನನ್ನ ಪಾಟ್ಲಿ ಬೇಕಂದ್ರ ಎರಡನೇ ಕೀಲಿ ನನ್ನ ಕೈಯಾಗ ಇರಬೇಕು, ಏರ್‌ಬ್ಯಾಗ್ ಆರು ಇರಬೇಕು, ಅಷ್ಟೂ ಮನಿಗೆ ಪೂರೈಸೂ ದರದ್ದು ಇರಬೇಕು. ಪೆಟ್ರೋಲೋ ಕರೆಂಟೋ, ಆಮ್ಯಾಲೆ ಕೂಡಿ ನೋಡೂಣು." ಅವಾ ಸ್ವಲ್ಪ ಹೊತ್ತು ಸುಮ್ಮನಾದ. ಆಮ್ಯಾಲೆ "ಲೈಸೆನ್ಸ್ ಯಾವಾಗ ಬರತೈತಿ ಯವ್ವಾ?" ಅಂತ ಕೇಳಿದ. ಬಂದು ಒಂದ ತಿಂಗಳಾತು. ಅವಂಗ ಹೇಳಿದ್ದೆ, ಅವಾ ಮರತಿದ್ದ.

ಮುಂದಿನ ಐತಾರ ತಂಗಿ ಮಗಳು ಗಾಡಿ ತಗೊಂಡ ಬರಾಕಿ ಅದಾಳ. ಕಲೀಬೇಕನ್ನಾವ್ರು ಮೊದಲ ಎಲ್‌ಎಲ್ ಮಾಡಿಸಿಕೊಂಡ ಬರ್ರಿ. ಅತ್ತ್ಯಾರು ಹೊರಸಿನ ಮ್ಯಾಲೆ ಅಂಗಳದಾಗ ಕುಂತ ನೋಡ್ತೀನಂದಾರ. ಮೊದಲ ಸುತ್ತು ನನ್ನ ಜೋಡಿ ಅವ್ರು ಬರತಾರಂತ.