ಗ್ರಂಥಕ್ಕೆ ಮಡಿಯುಡಿಸುವವರಿಗೆ

ನಮ್ಮ ಸಂಘದವರು ಪ್ರೌಢಶಾಲೆಯ ವಿದ್ಯಾರ್ಥಿಗಳಿಗಾಗಿ ಮಾರ್ಕ್ ಟ್ವೇನನ ‘ಹಕಲ್‌ಬೆರಿ ಫಿನ್’ ಎಂಬ ಅಮೆರಿಕಾದ ಸಾಹಸಕಥೆಯನ್ನು ಸಂಕ್ಷೇಪಿಸಿ ಕನ್ನಡದಲ್ಲಿ ಹೊರತರಬೇಕೆಂದು ಸಂಕಲ್ಪಿಸಿ, ಅದರ ಹಸ್ತಪ್ರತಿಯನ್ನು ಭಾಷಾಪರಿಶೀಲನೆಗಾಗಿ ಅಂತರಸನಹಳ್ಳಿಯ ನನ್ನ ಮನೆಗೆ ಕಳುಹಿಸಿಕೊಟ್ಟಿದ್ದರು. ತರಕಾರಿ ಮಾರುಕಟ್ಟೆಗೆ ಹೋಗುವ ಲಾರಿಗಳ ಸದ್ದಿನ ನಡುವೆಯೇ ಅದನ್ನು ಎರಡು ಸಲ ಓದಿದೆನು. ಅನುವಾದವು ತಿಳಿಯಾಗಿದೆ, ನದಿಯ ವರ್ಣನೆಯಂತೂ ಸೊಗಸಾಗಿದೆ. ಆದರೆ ಪುಟಪುಟದಲ್ಲಿಯೂ ಯಾರದೋ ನೀಲಿ ಪೆನ್ಸಿಲು ಓಡಾಡಿದೆ. ಮೂಲದಲ್ಲಿ ಕರಿಯ ಜನರನ್ನು ಕುರಿತು ಬರುವ ಹೀನವಾದ ಬೈಗುಳಕ್ಕೆ ಅನುವಾದಕರು ‘ಕರಿಯ’ ಎಂದು ಬರೆದಿದ್ದರೆ, ನೀಲಿ ಪೆನ್ಸಿಲು ಅದನ್ನೂ ಹೊಡೆದು ‘ಆಳು’ ಎಂದು ತಿದ್ದಿದೆ. ಜೊತೆಗಿದ್ದ ಚೀಟಿಯಲ್ಲಿ, ಮುಂದೆ ‘ಚೋಮನ ದುಡಿ’ಯ ಸಂಕ್ಷೇಪವನ್ನೂ ಇದೇ ಮಾಲೆಯಲ್ಲಿ ತರುವ ಯೋಚನೆಯಿದೆಯೆಂದೂ, ಅದರಲ್ಲಿಯೂ ‘ಹೊಲೆಯ’ ಎಂಬಲ್ಲಿ ‘ಬಡವ’ ಎಂದು ಹಾಕಬಹುದೆಂದೂ ಸೂಚಿಸಲಾಗಿತ್ತು. ಅದಕ್ಕೆ ಗ್ರಂಥದ ಹಕ್ಕುದಾರರು ಒಪ್ಪುವರೇ ಎಂಬ ಪ್ರಶ್ನೆ ಬೇರೆ. ನಾನಂತೂ ಒಪ್ಪಲಾರೆನು, ಏಕೆಂಬುದನ್ನು ಸಭೆಯ ಮೂಲೆಯಲ್ಲಿ ಪಿಸುಗುಟ್ಟುವುದಕ್ಕಿಂತ ಈ ಪತ್ರಿಕೆಯಲ್ಲಿಯೇ ಬರೆಯುವುದು ಲೇಸೆಂದು ತೋರಿತು.

ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಹೇಳದೆ ಖಂಡಿಸುವುದು ನಾನು ಕಲಿತ ಪಾಠಶಾಲೆಯ ಪದ್ಧತಿಯಲ್ಲ. ಅವರ ವಾದವಿದು: ಪುಸ್ತಕವು ಮಕ್ಕಳ ಕೈಗೆ ಹೋಗತಕ್ಕದ್ದು. ತರಗತಿಯಲ್ಲಿ ಎಲ್ಲ ಕೇರಿಯ ಮಕ್ಕಳೂ ಒಂದೇ ಬೆಂಚಿನ ಮೇಲೆ ಕುಳಿತಿರುತ್ತಾರೆ. ತನ್ನ ತಾತನನ್ನು ಯಾವ ಮಾತಿನಿಂದ ಹೊಡೆದರೋ ಅದೇ ಮಾತನ್ನು ಅಚ್ಚಿನಲ್ಲಿ ಕಂಡ ಮಗುವಿನ ಮನಸ್ಸು ಏನಾದೀತು? ಕಥೆಯ ಸಾರ ಉಳಿದರೆ ಸಾಲದೆ, ಒಂದು ಪದ ಹೋದರೆ ಹೋಗಲಿ. ಅಮೆರಿಕಾದಲ್ಲಿಯೇ 2011ರಲ್ಲಿ ಅಲಬಾಮಾ ಪ್ರಾಂತದ ಒಬ್ಬ ಪ್ರಕಾಶಕರು, ಟ್ವೇನನನ್ನು ಚೆನ್ನಾಗಿ ಬಲ್ಲ ಅಲನ್ ಗ್ರಿಬೆನ್ ಎಂಬ ಪ್ರಾಧ್ಯಾಪಕರ ಸಂಪಾದಕತ್ವದಲ್ಲಿ, ಇನ್ನೂರಕ್ಕೂ ಹೆಚ್ಚು ಕಡೆ ಆ ಪದವನ್ನು ತೆಗೆದು ‘ಗುಲಾಮ’ ಎಂಬರ್ಥದ ಪದವನ್ನಿಟ್ಟು ಅಚ್ಚುಹಾಕಿಸಲಿಲ್ಲವೇ? ಈ ವಾದದಲ್ಲಿ ಕರುಣೆಯಿದೆ. ಕರುಣೆಯಿರುವುದರಿಂದಲೇ ಅದನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ.

ಆದರೆ ‘ಕಥೆಯ ಸಾರ’ ಎಂದರೇನು? ಪುಸ್ತಕವು ಇಂಗ್ಲೆಂಡಿನಲ್ಲಿ 1884ರ ಕೊನೆಗೂ ಅಮೆರಿಕಾದಲ್ಲಿ 1885ರಲ್ಲಿಯೂ ಪ್ರಕಟವಾಯಿತು. ಕಥೆ ನಡೆಯುವುದು ಅದಕ್ಕೂ ನಾಲ್ಕೈದು ದಶಕಗಳ ಹಿಂದೆ, ಗುಲಾಮಗಿರಿ ನ್ಯಾಯಸಮ್ಮತವಾಗಿದ್ದ ಕಾಲದಲ್ಲಿ. ಕುಡುಕ ತಂದೆಯ ಹೊಡೆತದಿಂದ ತಪ್ಪಿಸಿಕೊಂಡ ಹಕ್ ಎಂಬ ಹುಡುಗನೂ, ತನ್ನನ್ನು ದೂರದ ಊರಿಗೆ ಮಾರಿಬಿಡುವರೆಂದು ಹೆದರಿ ಓಡಿಬಂದ ಜಿಮ್ ಎಂಬ ಗುಲಾಮನೂ ಒಂದೇ ತೆಪ್ಪದಲ್ಲಿ ಮಿಸಿಸಿಪ್ಪಿ ನದಿಯಲ್ಲಿ ಇಳಿಯುತ್ತ ಹೋಗುತ್ತಾರೆ. ಓಡಿಹೋದ ಗುಲಾಮನಿಗೆ ನೆರವಾಗುವುದು ಕಳ್ಳತನವೆಂದೂ, ಹಾಗೆ ಮಾಡಿದವನಿಗೆ ನರಕವೇ ಗತಿಯೆಂದೂ ಹುಡುಗನಿಗೆ ಎಲ್ಲರೂ ಕಲಿಸಿದ್ದಾರೆ. ಅವನೂ ಅದನ್ನು ನಂಬಿದ್ದಾನೆ. ಒಡತಿಗೆ ಸುಳಿವು ಕೊಡುವ ಕಾಗದವನ್ನೂ ಬರೆಯುತ್ತಾನೆ. ಕೊನೆಗೆ ನರಕವಾದರೂ ಆಗಲಿ ಎಂದು ಅದನ್ನು ಹರಿದುಹಾಕುತ್ತಾನೆ. ಧರ್ಮವೆಂದು ಬೋಧಿಸಲ್ಪಟ್ಟುದನ್ನು ಪಾಪವೆಂದೂ ಪಾಪವೆಂದು ಬೋಧಿಸಲ್ಪಟ್ಟುದನ್ನು ಧರ್ಮವೆಂದೂ ಒಬ್ಬ ಅನಕ್ಷರಪ್ರಾಯನಾದ ಬಾಲಕನು ಕಂಡುಕೊಳ್ಳುವ ಕಥೆಯಿದು.

ಈಗ ಇದರೊಳಗಿನ ಒಂದು ಸಣ್ಣ ಪ್ರಸಂಗವನ್ನು ನೋಡಿರಿ. ಕಾಗದವನ್ನು ಹರಿದ ಮೇಲೆಯೇ ಹಕ್ ಒಬ್ಬ ಗೃಹಿಣಿಯ ಮನೆಗೆ ಬಂದು, ತಡವಾದುದಕ್ಕೆ ಹಡಗಿನ ಯಂತ್ರ ಸಿಡಿಯಿತೆಂದು ಸುಳ್ಳು ಹೇಳುತ್ತಾನೆ. ಯಾರಿಗಾದರೂ ಪೆಟ್ಟಾಯಿತೇ ಎಂದು ಆಕೆ ಕೇಳುತ್ತಾಳೆ. ಇಲ್ಲ, ಕರಿಯನೊಬ್ಬ ಸತ್ತ ಅಷ್ಟೆ ಎಂದು ಅದೇ ಪದವನ್ನು ಬಳಸಿ ಉತ್ತರಿಸುತ್ತಾನೆ. ಆಕೆಯಾದರೋ, ಸದ್ಯ ಮನುಷ್ಯರಿಗೆ ಏನೂ ಆಗಲಿಲ್ಲವಲ್ಲ ಎಂಬ ಧಾಟಿಯಲ್ಲಿ ನೆಮ್ಮದಿಪಡುತ್ತಾಳೆ. ಆಕೆ ದುಷ್ಟೆಯಲ್ಲ, ದೈವಭಕ್ತಿಯುಳ್ಳವಳು, ಅತಿಥಿಗಳನ್ನು ಪ್ರೀತಿಯಿಂದ ಉಣಬಡಿಸುವವಳು. ಅಂಥವಳ ಬಾಯಲ್ಲಿಯೂ, ಜಿಮ್‌ಗಾಗಿ ನರಕಕ್ಕೆ ಹೋಗಲು ಸಿದ್ಧನಾದ ಬಾಲಕನ ಬಾಯಲ್ಲಿಯೂ ಆ ಪದವು ಉಸಿರಿನಷ್ಟು ಸಹಜವಾಗಿ ಬರುವುದೇ ಗ್ರಂಥಕರ್ತನು ತೋರಿಸಬಯಸಿದ ಘೋರ. ‘ಆಳೊಬ್ಬ ಸತ್ತ’ ಎಂದು ಬರೆದರೆ ಅದು ದಿನಪತ್ರಿಕೆಯ ಸುದ್ದಿಯಾಗುತ್ತದೆ. ಆಳೆಂಬವನು ಸಂಜೆ ಕೂಲಿ ತೆಗೆದುಕೊಂಡು ಮನೆಗೆ ಹೋಗತಕ್ಕವನು. ಗುಲಾಮನೆಂದರೂ ಸರಿಹೋಗದು, ಕಥೆಯ ಕೊನೆಗೆ ತಿಳಿಯುವಂತೆ, ಒಡತಿಯು ಮರಣಶಾಸನದಲ್ಲಿ ಜಿಮ್‌ನನ್ನು ಬಿಡುಗಡೆ ಮಾಡಿ ಸತ್ತಿದ್ದಳು. ಸರಪಳಿಯಲ್ಲಿ ಕಟ್ಟಿಹಾಕಲ್ಪಟ್ಟಿದ್ದಾಗಲೂ ಅವನು ನ್ಯಾಯತಃ ಸ್ವತಂತ್ರನೇ. ಗುಲಾಮಗಿರಿ ಹೋದರೂ ಹೋಗದೆ ಅಂಟಿಕೊಂಡಿದ್ದುದು ಆ ಪದ.

ಅನುವಾದಕರಲ್ಲಿಯೂ ಒಂದು ಮಾತು. ‘ಕರಿಯ’ ಎಂಬುದು ನಮ್ಮ ಸೀಮೆಯಲ್ಲಿ ತಾಯಿ ಮಗನನ್ನು ಮುದ್ದಿನಿಂದ ಕರೆಯುವ ಹೆಸರು. ಕರಿಯಮ್ಮನೆಂಬ ಗ್ರಾಮದೇವತೆಗೆ ನಾವು ಕೈಮುಗಿಯುತ್ತೇವೆ. ಮೂಲದ ವಿಷ ಇದರಲ್ಲಿ ಕಾಲುಪಾಲೂ ಇಲ್ಲ. ಅಡಿಟಿಪ್ಪಣಿಯಲ್ಲಿ ಅಷ್ಟನ್ನಾದರೂ ತಿಳಿಸಬೇಕು. ನೀಲಿ ಪೆನ್ಸಿಲಿನವರು ಹೆದರಿದ್ದು ಆಗಲೇ ಹಲ್ಲು ಕಿತ್ತ ಹಾವಿಗೆ!

ಚೋಮನಿಗೆ ಬರೋಣ. ಶಿವರಾಮ ಕಾರಂತರ ಈ ಕಾದಂಬರಿ 1933ರದು. ಚೋಮನಿಗಿದ್ದ ಒಂದೇ ಆಸೆ, ತುಂಡು ಭೂಮಿಯನ್ನು ಗೇಣಿಗೆ ಪಡೆದು ತಾನೇ ಉತ್ತು ಬೆಳೆಯಬೇಕೆಂಬುದು. ಎತ್ತುಗಳಿವೆ, ತೋಳಿನಲ್ಲಿ ಶಕ್ತಿಯಿದೆ. ಬಡತನವೊಂದೇ ಅಡ್ಡಿಯಾಗಿದ್ದರೆ ಎಂದೋ ಭೂಮಿ ದೊರೆಯುತ್ತಿತ್ತು. ಗೇಣಿಗೆ ಭೂಮಿ ಕೇಳುವವರೆಲ್ಲ ಬಡವರೇ ತಾನೆ? ಅವನಿಗೆ ಭೂಮಿ ದೊರೆಯದಿರುವುದು ಹೊಲೆಯನಾಗಿ ಹುಟ್ಟಿದ್ದಕ್ಕೆ. ಧಣಿಯ ಮನಸ್ಸು ಸ್ವಲ್ಪ ಕರಗಿದರೂ ಮನೆಯ ಹಿರಿಯಾಕೆಯ ಆಚಾರ ಕರಗುವುದಿಲ್ಲ. ಅವನ ಕಿರಿಯ ಮಗನು ನೀರಿನಲ್ಲಿ ಮುಳುಗುತ್ತಿರುವಾಗ ದಡದಲ್ಲಿದ್ದವರು ಮುಟ್ಟಬಾರದೆಂಬ ಕಾರಣದಿಂದ ಕೈಚಾಚುವುದಿಲ್ಲ. ಅಲ್ಲಿ ‘ಬಡವನ ಮಗ’ ಎಂದು ತಿದ್ದಿಬಿಟ್ಟರೆ, ಮಗು ಏಕೆ ಸತ್ತಿತೆಂದು ಕೇಳುವ ವಿದ್ಯಾರ್ಥಿಗೆ ಉಪಾಧ್ಯಾಯನು ಏನೆಂದು ಉತ್ತರ ಹೇಳಬೇಕು? ಬಡವರ ಮಕ್ಕಳನ್ನು ನೀರಿನಿಂದ ಎತ್ತಬಾರದೆಂಬ ಶಾಸ್ತ್ರವನ್ನು ನಾನು ಎಲ್ಲಿಯೂ ಓದಿಲ್ಲ. ಪದವನ್ನು ತೊಳೆದರೆ ಶುದ್ಧವಾಗುವುದು ಚೋಮನಲ್ಲ, ದಡದಲ್ಲಿ ನಿಂತಿದ್ದವರು. ಚೋಮನ ಸಾವಿಗೆ ಸಾಕ್ಷಿಯಾಗಿ ಉಳಿದಿರುವ ಒಂದೇ ಮಾತನ್ನು ಸಾಕ್ಷಿಕಟ್ಟೆಯಿಂದ ಇಳಿಸಿ ಕಳುಹಿಸುವ ಈ ಕೆಲಸವನ್ನು ಚೋಮನ ಮೇಲಿನ ಕರುಣೆಯೆಂದು ಕರೆಯುವುದು ನನಗಂತೂ ಅಶಕ್ಯ.

ಪದವನ್ನು ಮುಟ್ಟಬಾರದು, ನೋಡಬಾರದು, ಅದು ಇದ್ದ ಪುಟವನ್ನು ತೊಳೆದು ಒಳಕ್ಕೆ ತೆಗೆದುಕೊಳ್ಳಬೇಕು ಎಂಬ ಈ ಭಾವಕ್ಕೆ ನಮ್ಮ ಭಾಷೆಯಲ್ಲಿ ಮಡಿಯೆಂಬ ಹೆಸರಿದೆ. ಮನುಷ್ಯರ ವಿಷಯದಲ್ಲಿ ಬಿಟ್ಟ ಮಡಿಯನ್ನು ಗ್ರಂಥಗಳ ವಿಷಯದಲ್ಲಿ ಹಿಡಿಯುವುದು ಯಾವ ಪ್ರಗತಿ? ಮಡಿವಂತರ ಭಾಷೆಯೆಂದು ಹೆಸರಾದ ಸಂಸ್ಕೃತದಲ್ಲಿಯೂ ವ್ಯಾಕರಣವು ಇಷ್ಟು ಮಡಿಯನ್ನು ಮಾಡಲಿಲ್ಲ. ಸಮಾಸದಲ್ಲಿ ವಿಭಕ್ತಿಯು ಲೋಪವಾಗತಕ್ಕದ್ದು. ಆದರೆ ಬೈಗುಳದ ಅರ್ಥ ತೋರುವಲ್ಲಿ ಷಷ್ಠಿಯು ಲೋಪವಾಗದೆ ನಿಲ್ಲುವುದೆಂದೂ, ಪುತ್ರಶಬ್ದವು ಮುಂದೆ ಬಂದಾಗ ಅದು ವಿಕಲ್ಪವೆಂದೂ ಪಾಣಿನಿಯು ಆರನೆಯ ಅಧ್ಯಾಯದಲ್ಲಿ ಸೂತ್ರಿಸಿದ್ದಾನೆ. ‘ದಾಸ್ಯಾಃಪುತ್ರ’ ಎಂಬ ಬೈಗುಳ ಸಿದ್ಧಿಸುವುದು ಹೀಗೆ. ‘ಮೃಚ್ಛಕಟಿಕ’ದಲ್ಲಿ ಅದು ಹಲವೆಡೆ ಬರುತ್ತದೆ, ರಾಜನ ಬಾವಮೈದುನನಾದ ಶಕಾರನ ನೀಚತನ ನಮಗೆ ತಿಳಿಯುವುದು ಅವನ ಮಾತಿನಿಂದ. ಬೈಗುಳವು ಬೈದವನ ಚಿತ್ರವೆಂಬುದು ಹಿಂದಿನವರಿಗೆ ಗೊತ್ತಿತ್ತು. ಒಂದು ಪದವನ್ನು ಪ್ರಯೋಗಿಸುವುದು ಬೇರೆ, ಇನ್ನೊಬ್ಬನು ಪ್ರಯೋಗಿಸಿದ ಪದವನ್ನು ಅನುಕರಿಸಿ ತೋರಿಸುವುದು ಬೇರೆ ಎಂಬ ಭೇದವೂ ಗೊತ್ತಿತ್ತು.

ಇನ್ನೊಂದು ವಿನೋದವಿದೆ. ‘ದೇವಾನಾಂಪ್ರಿಯ’ ಎಂಬುದು ಅಶೋಕನ ಬಿರುದು. ಕಾಲಕ್ರಮದಲ್ಲಿ ವೈಯಾಕರಣರು ಅದಕ್ಕೆ ಮೂರ್ಖನೆಂದು ಅರ್ಥ ಹೇಳಿದರು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನದಲ್ಲಿ ಆ ಬಿರುದಿನೊಡನೆಯೇ ಅಶೋಕನ ಹೆಸರೂ ಇರುವುದರಿಂದಲೇ ಬಿರುದು ಯಾರದೆಂಬುದು ನಿಸ್ಸಂದೇಹವಾಗಿ ಸ್ಥಿರಪಟ್ಟಿತು. ಅರ್ಥ ಕೆಟ್ಟಿತೆಂದು ಯಾರಾದರೂ ನಡುವೆ ಉಳಿ ಹಿಡಿದು ಬಂಡೆಯನ್ನು ಕೆತ್ತಿದ್ದರೆ?

ಪದವನ್ನು ಬದಲಿಸಿದರೆ ಅಪಮಾನ ಹೋಗುತ್ತದೆಂಬ ನಂಬಿಕೆಯೂ ಹೊಸದಲ್ಲ. ಪಂಚಮರೆಂದರು, ಹರಿಜನರೆಂದರು. ಈ ಎರಡನೆಯ ಹೆಸರನ್ನು ಕಾನೂನಿನಲ್ಲಿ ಸೇರಿಸುವುದನ್ನು ಪ್ರತಿಭಟಿಸಿ 1938ರಲ್ಲಿ ಮುಂಬಯಿ ಶಾಸನಸಭೆಯಿಂದ ಅಂಬೇಡ್ಕರರ ಪಕ್ಷದವರು ಎದ್ದು ಹೊರನಡೆದರು. ಸವಿಯಾದ ಹೆಸರು ಕೊಟ್ಟವರು ಬಾವಿಯ ನೀರನ್ನು ಕೊಟ್ಟಿರಲಿಲ್ಲ.

ನಮ್ಮ ನಾಡಿನಲ್ಲಿ ಪದ ಬದಲಿಸಿದ್ದಕ್ಕೆ ಎಂತಹ ಗದ್ದಲವಾಗಬಲ್ಲದೆಂಬುದನ್ನೂ ನೋಡಿದ್ದೇವೆ. ಬಸವಣ್ಣನವರ ವಚನಗಳಲ್ಲಿ ‘ಕೂಡಲಸಂಗಮದೇವ’ ಎಂಬ ಅಂಕಿತದ ಬದಲು ‘ಲಿಂಗದೇವ’ ಎಂದು ಸೇರಿಸಿ ಪ್ರಕಟಿಸಿದ ‘ವಚನ ದೀಪ್ತಿ’ಯನ್ನು ಸರಕಾರವು 1998ರಲ್ಲಿ ಮುಟ್ಟುಗೋಲು ಹಾಕಿತು, 2017ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ಆಜ್ಞೆಯನ್ನು ಎತ್ತಿಹಿಡಿಯಿತು. ಮುಟ್ಟುಗೋಲು ಸರಿಯೋ ತಪ್ಪೋ ಎಂಬ ಚರ್ಚೆ ನನಗಿಲ್ಲಿ ಬೇಡ. ದೇವರ ಹೆಸರು ಬದಲಾದರೆ ಇಷ್ಟು ಕೆರಳುವ ನಾವು ಚೋಮನ ಕುಲದ ಹೆಸರು ಬದಲಾದರೆ ಪೆನ್ಸಿಲಿನ ಕೆಲಸವೆಂದು ಸುಮ್ಮನಿರುವುದೇಕೆ? ಅದೇ ವಚನಕಾರರ ನಡುವೆ ಮಾದಾರ ಚೆನ್ನಯ್ಯನಿದ್ದಾನೆ, ಡೋಹರ ಕಕ್ಕಯ್ಯನಿದ್ದಾನೆ. ಬಸವಣ್ಣನವರು ಅವರನ್ನು ತಮ್ಮ ಕುಲದ ಹಿರಿಯರೆಂದು ಹೇಳಿಕೊಂಡರು. ಶೂನ್ಯಸಂಪಾದನೆಯನ್ನು ಪರಿಷ್ಕರಿಸಿದ ಸಿದ್ಧವೀರಣ್ಣೊಡೆಯರ ಗೂಳೂರು ನಮಗೆ ಕೂಗಳತೆಯಲ್ಲಿದೆ. ಆ ನಾಡಿನವರಾದ ನಾವು ಚೆನ್ನಯ್ಯನ ಹೆಸರಿನ ಮೊದಲರ್ಧವನ್ನು ಯಾವ ಪೆನ್ಸಿಲಿನಿಂದ ಹೊಡೆಯೋಣ?

ಇಷ್ಟು ಬರೆದುದನ್ನು ಓದಿ ಇನ್ನೊಂದು ಪಕ್ಷದವರು ತಲೆದೂಗುತ್ತಿರಬಹುದು. ಅವರ ತಲೆದೂಗುವಿಕೆ ನನಗೆ ಬೇಡ. ‘ಆ ಕಾಲವೇ ಹಾಗಿತ್ತು, ಇದರಲ್ಲೇನು ದೊಡ್ಡ ವಿಷಯ’ ಎನ್ನುವ ಈ ಮಹಾಶಯರು ಕಾದಂಬರಿಯ ಸಂಭಾಷಣೆಯನ್ನು ಓದುವಾಗ ಆ ಒಂದು ಪದಕ್ಕೆ ಬಂದೊಡನೆ ಧ್ವನಿಯನ್ನು ಏರಿಸುವುದನ್ನು ನಾನು ಕೇಳಿದ್ದೇನೆ. ಬೀದಿಯಲ್ಲಿ ಆಡಲು ಈಗ ಹೆದರಿಕೆಯಾಗುವ ಮಾತನ್ನು ಸಾಹಿತ್ಯದ ನೆವದಲ್ಲಿ ಆಡಿ ನಾಲಗೆಯ ತೀಟೆ ತೀರಿಸಿಕೊಳ್ಳುವವರಿವರು. ಜಾತಿಯ ಹೆಸರು ಹಿಡಿದು ಹತ್ತು ಜನರ ಮುಂದೆ ಅಪಮಾನಗೊಳಿಸುವವನಿಗಾಗಿ 1989ರ ಕಾಯಿದೆಯಿದೆ. ಕಾದಂಬರಿಯ ಮರೆ ಅವನಿಗೆ ರಕ್ಷೆಯಾಗಬಾರದು. ಆ ಕಾಲದಲ್ಲಿಯೂ ಎಲ್ಲರೂ ಹಾಗಿರಲಿಲ್ಲ. ಹಾಗಿದ್ದಿದ್ದರೆ ಕಾರಂತರು ಬರೆಯುತ್ತಿರಲಿಲ್ಲ.

ತರಗತಿಯ ಮಗುವಿನ ಪ್ರಶ್ನೆ ಉಳಿಯಿತು, ಅದೇ ಮುಖ್ಯವಾದದ್ದು. ಒಂದು ಶಾಲೆಯಲ್ಲಿ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಉಪಾಧ್ಯಾಯರು ಇಂತಹದೇ ಒಂದು ಪಾಠವನ್ನು ಗಟ್ಟಿಯಾಗಿ ಓದಲು, ಬೇರೆ ಯಾರೂ ಇಲ್ಲವೆಂಬಂತೆ, ಆ ಕೇರಿಯಿಂದ ಬರುತ್ತಿದ್ದ ಒಬ್ಬನೇ ಹುಡುಗನನ್ನು ಎಬ್ಬಿಸಿದರು. ಅವನು ಆ ಪದದವರೆಗೆ ಬಂದು ನಿಂತನು. ನಲವತ್ತು ತಲೆಗಳು ಅವನತ್ತ ತಿರುಗಿದವು. ಪುಸ್ತಕದಲ್ಲಿ ‘ಬಡವ’ ಎಂದಿದ್ದರೂ ಆ ತಲೆಗಳು ತಿರುಗುತ್ತಿದ್ದವು. ಯಾರ ಮನೆ ಎಲ್ಲಿದೆಯೆಂಬುದನ್ನು ಅವು ಪುಸ್ತಕದಿಂದ ಕಲಿತಿರಲಿಲ್ಲ. ಗಾಯಮಾಡಿದ್ದು ಆ ತಿರುಗುವಿಕೆ, ಮತ್ತು ಅದಕ್ಕೆ ದಾರಿಮಾಡಿಕೊಟ್ಟ ಗುರುವಿನ ಜಡತೆ. ಇಂತಹ ಪಾಠವನ್ನು ಉಪಾಧ್ಯಾಯನೇ ಓದತಕ್ಕದ್ದು, ಬೈಗುಳವನ್ನು ಬೈಗುಳವೆಂದು ಮೊದಲೇ ಹೇಳಿ, ಅದು ಯಾರ ಬಾಯಿಂದ ಏಕೆ ಬಂತೆಂಬ ಪ್ರಶ್ನೆಯನ್ನು ಮುಂದಿನ ಬೆಂಚಿನವರಿಗೆ ಹಾಕಿ ಓದತಕ್ಕದ್ದು. ಅಷ್ಟು ಶ್ರಮಕ್ಕೆ ಸಿದ್ಧನಿಲ್ಲದವನು ಆ ಪಾಠವನ್ನು ಬಿಟ್ಟುಬಿಡಲಿ. ತಿದ್ದಿದ ಪಾಠವನ್ನು ಮಾಡದಿರಲಿ.

ಆ ಕೇರಿಯ ಮಕ್ಕಳು ಈ ಪದದ ಮುಂದೆ ಅಳುತ್ತ ಕುಳಿತಿರುವರೆಂಬ ಭಾವನೆಯೂ ನಮ್ಮದೇ ಕಲ್ಪನೆ. 1975ರಲ್ಲಿ ಸಿದ್ದಲಿಂಗಯ್ಯನವರು ತಮ್ಮ ಮೊದಲ ಕವನಸಂಗ್ರಹಕ್ಕೆ ‘ಹೊಲೆಮಾದಿಗರ ಹಾಡು’ ಎಂದೇ ಹೆಸರಿಟ್ಟರು. ತುಮಕೂರಿನಲ್ಲಿಯೇ ಬಾಳಿ 2019ರಲ್ಲಿ ತೀರಿಕೊಂಡ ಕೆ. ಬಿ. ಸಿದ್ದಯ್ಯನವರು ಕೇರಿಗೂ ಹೊರಗಿನವರಾದ ದಕ್ಕಲರ ಹೆಸರನ್ನು ‘ದಕ್ಲಕಥಾದೇವಿ ಕಾವ್ಯ’ದ ನೆತ್ತಿಯ ಮೇಲಿಟ್ಟರು. ಅತ್ತ ಅಮೆರಿಕಾದಲ್ಲಿ ಕರಿಯ ಲೇಖಕರಾದ ಪರ್ಸಿವಲ್ ಎವರೆಟ್ 2024ರಲ್ಲಿ ‘ಜೇಮ್ಸ್’ ಎಂಬ ಕಾದಂಬರಿಯನ್ನು ಪ್ರಕಟಿಸಿ, ಹಕ್‌ನ ಕಥೆಯನ್ನು ಜಿಮ್‌ನ ಬಾಯಿಂದಲೇ ಹೇಳಿಸಿದರು. 2025ರಲ್ಲಿ ಅದಕ್ಕೆ ಪುಲಿಟ್ಜರ್ ಬಹುಮಾನ ಬಂದಿತು. ಟ್ವೇನನ ಪುಸ್ತಕದಲ್ಲಿ ಒಂದಕ್ಷರವನ್ನೂ ಹೊಡೆಯದೆ ಅದರ ಪಕ್ಕದಲ್ಲಿ ಇನ್ನೊಂದು ಪುಸ್ತಕವನ್ನಿಟ್ಟ ಉತ್ತರವದು. ತಿದ್ದಿದ ಪ್ರತಿಯನ್ನೋದಿದವನಿಗೆ ಅದು ಯಾವುದಕ್ಕೆ ಉತ್ತರವೆಂಬುದೇ ತಿಳಿಯುವುದಿಲ್ಲ.

ಹಸ್ತಪ್ರತಿಯಲ್ಲಿ ನೀಲಿ ಗೆರೆಗಳನ್ನೆಲ್ಲ ರಬ್ಬರಿನಿಂದ ಅಳಿಸಿ, ಅನುವಾದಕರ ಪಾಠವನ್ನು ಮರಳಿ ನಿಲ್ಲಿಸಿ, ಕಾರ್ಯದರ್ಶಿಗಳಿಗೆ ಹಿಂದಿರುಗಿಸಿದ್ದೇನೆ. ಮುನ್ನುಡಿಯನ್ನು ನನ್ನಂತಹ ಪಾಠಶಾಲೆಯವನಿಂದ ಬರೆಯಿಸದೆ, ನಮ್ಮ ಸದಸ್ಯರಲ್ಲಿಯೇ ಆ ಕೇರಿಯಿಂದ ಬಂದ ಉಪಾಧ್ಯಾಯರೊಬ್ಬರಿಂದ ಬರೆಯಿಸಬೇಕೆಂದು ಕೇಳಿಕೊಂಡಿದ್ದೇನೆ. ಅವರು ಈ ಲೇಖನವನ್ನು ಒಪ್ಪದೆ ನನ್ನನ್ನೇ ಖಂಡಿಸಿ ಬರೆದರೂ ಅದು ಹಾಗೆಯೇ ಅಚ್ಚಾಗತಕ್ಕದ್ದು. ಸಮಿತಿಯವರು ‘ಆಳು’ ಎಂಬುದನ್ನೇ ಉಳಿಸಿಕೊಳ್ಳುವುದಾದರೆ, ಒಳಪುಟದಲ್ಲಿ ಪರಿಶೀಲಕರೆಂದು ಹಾಕಲಿರುವ ನನ್ನ ಹೆಸರನ್ನು ದಯವಿಟ್ಟು ಅದೇ ನೀಲಿ ಪೆನ್ಸಿಲಿನಿಂದ ಹೊಡೆದುಹಾಕಬೇಕು.